ಒಂದೇ ಕಥೆ, ಹತ್ತು ಸಲ: ಕಥೆ ಹೇಳುವುದನ್ನು ರೂಢಿ ಮಾಡಿಕೊಳ್ಳುವ ಬಗೆ

ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ನನಗೆ ಕಥೆ ಹೇಳೋಕೆ ಬರಲ್ಲ, ಏನು ಮಾಡ್ಲಿ?" ಕೇಳುವವರು ಒಂದೇ ಥರದವರಲ್ಲ. ಮಕ್ಕಳನ್ನು ಮಲಗಿಸುವಾಗ ಎರಡೇ ನಿಮಿಷಕ್ಕೆ ಸರಕು ಖಾಲಿಯಾಗುವ ಅಪ್ಪಂದಿರು, ಮಂಡ್ಯ ಕಡೆಯ ಹಳ್ಳಿ ಶಾಲೆಯ ಮೇಷ್ಟ್ರುಗಳು, ಮೈಸೂರು ಅರಮನೆ ಮುಂದೆ ಪ್ರವಾಸಿಗರಿಗೆ ಇಸವಿ ಒಪ್ಪಿಸಿ ಒಪ್ಪಿಸಿ ತಮಗೇ ಬೇಜಾರಾಗಿರುವ ಗೈಡ್ ಹುಡುಗರು, ನಾಲ್ಕು ಜನರ ಮುಂದೆ ಏನೋ ಹೇಳಲು ಹೋಗಿ ಮಧ್ಯದಲ್ಲೇ ದಾರಿ ತಪ್ಪುವವರು. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಯಿತು, ಅದಕ್ಕೇ ಒಂದೇ ಕಡೆ ಬರೆದುಬಿಡುತ್ತಿದ್ದೇನೆ.

ನಿಮ್ಮ ನೆಂಟರಲ್ಲೂ ಒಬ್ಬ ಮಾವ ಇರುತ್ತಾರೆ. ಮದುವೆಮನೆಯಲ್ಲಿ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಕೂತರೆ ಸುತ್ತ ಹತ್ತು ಜನ ಸೇರುತ್ತಾರೆ. "ಅವರಿಗೇನಪ್ಪ, ಹುಟ್ಟಿದಾಗಿಂದ ಬಂದಿದೆ" ಅಂತ ನೀವು ಅಂದುಕೊಂಡಿರುತ್ತೀರಿ. ಸ್ವಲ್ಪ ನೆನಪು ಮಾಡಿಕೊಳ್ಳಿ, ಅವರ ಹತ್ತಿರ ಇರುವುದು ಆರೇಳು ಕಥೆ ಅಷ್ಟೇ ಅಲ್ವಾ? ಎಮ್ಮೆ ಕಳೆದುಹೋದದ್ದು, ಪೊಲೀಸಿನವರು ತಪ್ಪು ಮನೆಗೆ ಬಂದದ್ದು, ಹೆಣ್ಣು ನೋಡಲು ಹೋಗಿ ಬಸ್ ತಪ್ಪಿಸಿಕೊಂಡದ್ದು. ಅವನ್ನೇ ಇಪ್ಪತ್ತು ವರ್ಷದಿಂದ ಹೇಳುತ್ತಿದ್ದಾರೆ. ಎಲ್ಲಿ ನಿಲ್ಲಿಸಿದರೆ ಜನ ನಗುತ್ತಾರೆ, ಯಾವ ಮಾತು ಜಾಸ್ತಿಯಾಯಿತು ಅನ್ನುವುದು ಅವರಿಗೆ ಗೊತ್ತಾಗಿರುವುದು ಹಾಗೆ. ನಾವು ಮಾಡುವುದು ಉಲ್ಟಾ: ದಿನಾ ಹೊಸ ಕಥೆ ಹುಡುಕುತ್ತೇವೆ, ಒಂದೇ ಸಲ ಹೇಳುತ್ತೇವೆ, ಕೆಟ್ಟದಾಗಿ ಹೇಳುತ್ತೇವೆ, ಬಿಟ್ಟುಬಿಡುತ್ತೇವೆ. ಈ ಬರಹದಲ್ಲಿ ಇರುವುದೆಲ್ಲ ಆ ಮಾವನ ದಾರಿಯೇ, ಇಪ್ಪತ್ತು ವರ್ಷದ ಬದಲು ಒಂದೆರಡು ತಿಂಗಳಲ್ಲಿ.

ಬೇಕಾಗುವುದೇನು

ಜಾಸ್ತಿ ಏನಿಲ್ಲ. ಜೇಬಿಗೆ ಹಿಡಿಸುವ ಒಂದು ಪುಸ್ತಕ, ಧ್ವನಿ ರೆಕಾರ್ಡ್ ಆಗುವ ಫೋನು, ದಿನಕ್ಕೆ ಹದಿನೈದು ನಿಮಿಷ, ಮತ್ತೆ ಕೇಳಲು ಒಬ್ಬರು. ಮೊದಲ ಮೂರು ಸುಲಭವಾಗಿ ಸಿಗುತ್ತವೆ. ನಾಲ್ಕನೆಯದರ ಬಗ್ಗೆ ಮುಂದೆ ಹೇಳುತ್ತೇನೆ. ದುಬಾರಿ ಮೈಕು, ಕೋರ್ಸು, ಸರ್ಟಿಫಿಕೇಟು ಯಾವುದೂ ಈಗ ಬೇಡ.

1. ದಿನಕ್ಕೆ ಒಂದು ಸಾಲು ಹಿಡಿದಿಡಿ

ರಾತ್ರಿ ಮಲಗುವ ಮುಂಚೆ ಆ ದಿನ ಕಂಡದ್ದರಲ್ಲಿ ಒಂದನ್ನು ಒಂದೇ ಸಾಲಲ್ಲಿ ಬರೆಯಿರಿ. ಇದು ಡೈರಿ ಅಲ್ಲ. "ಇವತ್ತು ಬೇಜಾರಿತ್ತು" ಅಂತ ಬರೆದರೆ ನಾಳೆ ಅದರಿಂದ ಏನೂ ಹುಟ್ಟುವುದಿಲ್ಲ. ಯಾರಿಗೋ ಏನೋ ಬೇಕಿತ್ತು, ಏನೋ ಅಡ್ಡ ಬಂತು. ಅಂಥದ್ದನ್ನು ಹುಡುಕಿ. ಬಸ್ ಸ್ಟ್ಯಾಂಡಿನಲ್ಲಿ, ರೇಷನ್ ಅಂಗಡಿ ಮುಂದೆ, ಬ್ಯಾಂಕಿನ ಸಾಲಿನಲ್ಲಿ ಇದು ದಿನಾ ನಡೆಯುತ್ತಿರುತ್ತದೆ.

ನನ್ನ ಪುಸ್ತಕದ ಒಂದು ಸಾಲನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ, ಕೊನೆಯವರೆಗೂ ಇದೇ ಬರುತ್ತದೆ: "ದೇವರಾಜ ಮಾರುಕಟ್ಟೆ, ಹೂವಿನ ಸಾಲು. ಹುಡುಗನ ಮಾರು ಚಿಕ್ಕದು ಅಂತ ಅಜ್ಜಿ ಜಗಳ. ತಾನೇ ಅಳೆದಳು." ಮಾರು ಅಂದರೆ ಎರಡೂ ಕೈ ಚಾಚಿದಷ್ಟು ಉದ್ದ, ಕಟ್ಟಿದ ಹೂವನ್ನು ಮೊಳದ ಲೆಕ್ಕದಲ್ಲೋ ಮಾರಿನ ಲೆಕ್ಕದಲ್ಲೋ ಕೊಡುತ್ತಾರೆ. ಅಳೆಯುವವರ ಕೈ ಎಷ್ಟಿದೆಯೋ ಅಷ್ಟೇ ಹೂವು. ಆವತ್ತು ಅಮ್ಮನ ಬದಲು ಕೂತಿದ್ದವನು ಒಬ್ಬ ಚಿಕ್ಕ ಹುಡುಗ.

ಎಚ್ಚರಿಕೆ: ಒಂದು ವಾರ ಬರೆದ ಮೇಲೆ "ನನ್ನ ಬದುಕಲ್ಲಿ ಏನೂ ನಡೆಯಲ್ಲ" ಅನ್ನಿಸುತ್ತದೆ. ಎಲ್ಲರಿಗೂ ಅನ್ನಿಸುತ್ತದೆ. ದೊಡ್ಡ ಘಟನೆಗಾಗಿ ಕಾಯುವವರಿಗೆ ಪುಸ್ತಕ ತುಂಬುವುದೇ ಇಲ್ಲ. ಸುಮ್ನೆ ಬರೆಯುತ್ತಾ ಹೋಗಿ, ಏಳು ಸಾಲಿನಲ್ಲಿ ಒಂದು ಕಥೆ ಸಿಕ್ಕರೂ ಆ ವಾರಕ್ಕೆ ಸಾಕು.

2. ಐದು ಬೆರಳಿಗೆ ಇಳಿಸಿ

ವಾರ ಮುಗಿದ ಮೇಲೆ ಒಂದು ಸಾಲನ್ನು ಆರಿಸಿಕೊಂಡು ಕೈಬೆರಳ ಮೇಲೆ ಎಣಿಸಿ. ಹೆಬ್ಬೆರಳು: ಯಾರು, ಎಲ್ಲಿ. ತೋರುಬೆರಳು: ಅವರಿಗೆ ಏನು ಬೇಕು. ನಡುಬೆರಳು: ಏನು ಅಡ್ಡಿ. ಉಂಗುರಬೆರಳು: ತಿರುವು, ಅಂದರೆ ಕೇಳುವವರು ಎಣಿಸದೇ ಇದ್ದದ್ದು ನಡೆಯುವ ಜಾಗ. ಕಿರುಬೆರಳು: ಕೊನೆಗೆ ಎಲ್ಲಿ ನಿಂತಿತು.

ನಮ್ಮ ಅಜ್ಜಿಯ ಕಥೆ ಹೀಗಾಗುತ್ತದೆ. ಹೂವಿನ ಅಂಗಡಿಯಲ್ಲಿ ಅಜ್ಜಿ ಮತ್ತು ಹುಡುಗ. ಅಜ್ಜಿಗೆ ಪೂರ್ತಿ ಒಂದು ಮಾರು ಮಲ್ಲಿಗೆ ಬೇಕು. ಹುಡುಗನ ಕೈ ಚಿಕ್ಕದು, ಅವನ ಮಾರು ಅಜ್ಜಿಗೆ ಒಪ್ಪಿಗೆ ಇಲ್ಲ. ಅವನು "ಹಂಗಾದ್ರೆ ನೀವೇ ಅಳ್ಕೊಳಿ ಅಜ್ಜಿ" ಅಂತ ದಾರ ಕೊಡುತ್ತಾನೆ. ಅಜ್ಜಿ ಕೈ ಚಾಚಲು ಹೋದರೆ ಹೆಗಲು ಹಿಡಿದುಕೊಂಡಿದೆ, ಅವಳ ಮಾರು ಹುಡುಗನದಕ್ಕಿಂತಲೂ ಗಿಡ್ಡ. ಕೊನೆಗೆ ಅಷ್ಟನ್ನೇ ಮುಡಿಗಿಟ್ಟುಕೊಂಡು ಹೊರಟಳು.

ಐದು ಬೆರಳಲ್ಲಿ ಯಾವುದಾದರೂ ಒಂದು ಖಾಲಿ ಉಳಿದರೆ ಅದು ಇನ್ನೂ ಕಥೆಯಾಗಿಲ್ಲ, ಬರೀ ವಿಷಯ. "ಚಾಮುಂಡಿ ಬೆಟ್ಟಕ್ಕೆ ಹೋಗಿದ್ವಿ, ಸಾವಿರ ಮೆಟ್ಟಿಲು ಹತ್ತಿದ್ವಿ, ಚೆನ್ನಾಗಿತ್ತು" ಅನ್ನುವುದರಲ್ಲಿ ನಡುಬೆರಳೂ ಇಲ್ಲ, ಉಂಗುರಬೆರಳೂ ಇಲ್ಲ. ನಂದಿ ಹತ್ತಿರ ಬಂದಾಗ ಅಪ್ಪನಿಗೆ ಚಪ್ಪಲಿ ಕಾರಿನಲ್ಲಿ ಬಿಟ್ಟದ್ದು ನೆನಪಾದದ್ದು, ಕಾರು ಕೆಳಗೆ ಪಾದದ ಹತ್ತಿರ ನಿಂತದ್ದು, ಬಿಸಿಲು ನೆತ್ತಿಗೆ ಬಂದದ್ದು ಸೇರಿಕೊಂಡರೆ ಆಗ ಬೆರಳು ತುಂಬುತ್ತಾ ಬರುತ್ತವೆ.

3. ಬರೆಯಬೇಡಿ, ಬಾಯಲ್ಲಿ ಹೇಳಿ

ಇಲ್ಲೇ ಮುಕ್ಕಾಲು ಪಾಲು ಜನ ಎಡವುವುದು. ಐದು ಬೆರಳು ಸಿಕ್ಕ ತಕ್ಷಣ ಕೂತು ಮೂರು ಪುಟ ಬರೆದು, ಅದನ್ನು ಬಾಯಿಪಾಠ ಮಾಡಿ, ಭಾಷಣ ಸ್ಪರ್ಧೆಯ ಹಾಗೆ ಒಪ್ಪಿಸುತ್ತಾರೆ. ಮಧ್ಯದಲ್ಲಿ ಒಂದು ಪದ ಮರೆತರೆ ಮುಗಿಯಿತು, ಕಣ್ಣು ಮೇಲೆ ಹೋಗುತ್ತದೆ, ಬೆವರು ಬರುತ್ತದೆ.

ನಮ್ಮ ಕಡೆಯ ನೀಲಗಾರರನ್ನು ನೋಡಿ. ತಂಬೂರಿ ಹಿಡಿದು ಮಂಟೇಸ್ವಾಮಿ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ. ಮಾದೇಶ್ವರನ ಕಥೆ ಹಾಡುವ ಕಂಸಾಳೆಯವರೂ ಹಾಗೆಯೇ. ಅಷ್ಟುದ್ದದ ಕಥೆಯನ್ನು ಅವರು ಸಾಲುಗಳಾಗಿ ಇಟ್ಟುಕೊಂಡಿದ್ದಾರೆ: ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಹೀಗೆ. ಇಲ್ಲಿ ಸಾಲು ಅಂದರೆ ಒಂದು ಗೆರೆಯಲ್ಲ, ಕಥೆಯ ಒಂದು ಇಡೀ ಭಾಗ. ಆವತ್ತಿನ ಸಂದರ್ಭಕ್ಕೆ ಯಾವ ಸಾಲು ಬೇಕೋ ಅದನ್ನು ಎತ್ತಿಕೊಳ್ಳುತ್ತಾರೆ, ಜನ ಕೂತಿದ್ದರೆ ಬೆಳೆಸುತ್ತಾರೆ, ತೂಕಡಿಸಿದರೆ ಮುಗಿಸುತ್ತಾರೆ.

1930ರ ದಶಕದಲ್ಲಿ ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ ಮತ್ತು ಅವರ ಶಿಷ್ಯ ಆಲ್ಬರ್ಟ್ ಲಾರ್ಡ್ ಯುಗೊಸ್ಲಾವಿಯಾಕ್ಕೆ ಹೋಗಿ ಅಲ್ಲಿನ ಕಥೆ ಹಾಡುವವರನ್ನು ರೆಕಾರ್ಡ್ ಮಾಡಿದ್ದರು. ಓದು ಬರಹ ಇಲ್ಲದವರು, ಸಾವಿರಾರು ಗೆರೆಗಳ ಹಾಡು. "ಹೋದ ಸಲ ಹಾಡಿದ್ದನ್ನೇ ಪದಕ್ಕೆ ಪದ ಹಾಡಿದೆ" ಅಂತ ಹಾಡುಗಾರರು ಹೇಳುತ್ತಿದ್ದರಂತೆ. ರೆಕಾರ್ಡ್ ಹಾಕಿ ಹೋಲಿಸಿದರೆ ಪದಗಳು ಬೇರೆ ಬೇರೆ. ಅವರು ನೆನಪಿಟ್ಟುಕೊಂಡಿದ್ದು ಕಥೆಯ ದಾರಿಯನ್ನು, ಜೊತೆಗೆ ಅಲ್ಲಲ್ಲಿ ಕೈಹಿಡಿಯುವ ಸಿದ್ಧ ಮಾತುಗಳನ್ನು. ಉಳಿದದ್ದನ್ನು ಆಗಿಂದಾಗಲೇ ಕಟ್ಟುತ್ತಿದ್ದರು.

ನೀವೂ ಹಾಗೇ ಮಾಡಿ. ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ, ಈ ಎರಡನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ. ನಡುವೆ ಬೆರಳುಗಳಿವೆ. ಮೊದಲ ವಾಕ್ಯ ಗೊತ್ತಿದ್ದರೆ ಶುರುವಿನ ಗಾಬರಿ ಕಮ್ಮಿಯಾಗುತ್ತದೆ. ಕೊನೆಯ ವಾಕ್ಯ ಗೊತ್ತಿಲ್ಲದವರು ಕಥೆ ಮುಗಿದ ಮೇಲೂ "ಹಾಗಾಗಿ... ಅದೇ... ಅಷ್ಟೇ..." ಅಂತ ಬಾಗಿಲಲ್ಲೇ ನಿಂತಿರುವ ನೆಂಟರ ಥರ ಎಳೆಯುತ್ತಾರೆ.

4. ರೆಕಾರ್ಡ್ ಮಾಡಿ, ಕೇಳಿ, ಸಹಿಸಿಕೊಳ್ಳಿ

ಫೋನನ್ನು ಮೇಜಿನ ಮೇಲೆ ಮಗುಚಿಟ್ಟು ಕಥೆ ಹೇಳಿ. ವಿಡಿಯೋ ಬೇಡ. ವಿಡಿಯೋ ಹಾಕಿದರೆ ನೀವು ನಿಮ್ಮ ಕೂದಲನ್ನೇ ನೋಡುತ್ತೀರಿ. ಬರೀ ಧ್ವನಿ ಆದರೆ ಕೈ ಆಡಿಸಿ ತೋರಿಸುವ ದಾರಿ ಮುಚ್ಚಿಹೋಗುತ್ತದೆ, "ಇಷ್ಟುದ್ದ" ಅನ್ನುವ ಹಾಗಿಲ್ಲ, ಎಷ್ಟುದ್ದ ಅಂತ ಮಾತಲ್ಲೇ ಹೇಳಬೇಕು. ಇದಕ್ಕೆ ಮೈಸೂರಿನವರು ಹೊಸಬರೇನಲ್ಲ ಬಿಡಿ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಪುಟ್ಟ ಬಾನುಲಿ ಕೇಂದ್ರ ಶುರು ಮಾಡಿದ್ದು ಇದೇ ಊರಲ್ಲಿ, ಆಕಾಶವಾಣಿ ಅನ್ನುವ ಹೆಸರು ಬಳಕೆಗೆ ಬಂದದ್ದೂ ಅಲ್ಲಿಂದಲೇ.

ಮೊದಲ ಸಲ ನಿಮ್ಮ ಧ್ವನಿ ನಿಮಗೆ ಹಿಡಿಸುವುದಿಲ್ಲ. ನಮ್ಮ ಮಾತು ನಮಗೆ ಗಾಳಿಯಲ್ಲಷ್ಟೇ ಅಲ್ಲ, ತಲೆಬುರುಡೆಯ ಮೂಳೆಯ ಮೂಲಕವೂ ಕೇಳಿಸುತ್ತದೆ. ಮೂಳೆಯಿಂದ ಬರುವಾಗ ದಪ್ಪ ಧ್ವನಿ ಜಾಸ್ತಿ. ರೆಕಾರ್ಡಿನಲ್ಲಿ ಅದು ಇರುವುದಿಲ್ಲ, ಅದಕ್ಕೇ ತೆಳ್ಳಗೆ, ಬೇರೆ ಯಾರದೋ ಅನ್ನಿಸುತ್ತದೆ. ಬೇರೆಯವರು ಮೊದಲಿಂದಲೂ ಕೇಳುತ್ತಿರುವುದು ಆ ಧ್ವನಿಯನ್ನೇ, ಅವರಿಗೆ ಏನೂ ತೊಂದರೆಯಾಗಿಲ್ಲ. ನಾಲ್ಕೈದು ದಿನದಲ್ಲಿ ನಿಮಗೂ ರೂಢಿಯಾಗುತ್ತದೆ.

ಕೇಳುವಾಗ ಎರಡೇ ವಿಷಯ ನೋಡಿ. ಒಂದು, ಊರುಗೋಲು ಪದಗಳು: "ಅದೇನಪ್ಪ ಅಂದ್ರೆ", "ಆಮೇಲೆ ಏನಾಯ್ತು ಅಂದ್ರೆ", "ಮತ್ತೆ... ಮತ್ತೆ". ಪುಸ್ತಕದಲ್ಲಿ ಗೆರೆ ಹಾಕಿ ಎಣಿಸಿ. ಪೂರ್ತಿ ಹೋಗಬೇಕಿಲ್ಲ. ಹದಿನೆಂಟು ಇದ್ದದ್ದು ಎಂಟಾದರೆ ಸಾಕು. ಆ ಜಾಗದಲ್ಲಿ ಸುಮ್ಮನೆ ಬಾಯಿ ಮುಚ್ಚಿಕೊಳ್ಳುವುದನ್ನು ಕಲಿಯಿರಿ. ಒಂದು ಉಸಿರಿನಷ್ಟು ಮೌನ ನಿಮಗೆ ಒಂದು ಗಂಟೆ ಅನ್ನಿಸುತ್ತದೆ, ಕೇಳುವವರಿಗೆ ಮಾತ್ರ ಅದು "ಏನೋ ಬರ್ತಿದೆ" ಅನ್ನುವ ಸೂಚನೆ.

ಎರಡನೆಯದು ನಿಮ್ಮ ಕನ್ನಡ. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಮದ್ದೂರು, ಮಳವಳ್ಳಿ ಕಡೆಯ ಹುಡುಗರು ಟೀ ಅಂಗಡಿಯಲ್ಲಿ "ನಮ್ಮವ್ವ ಬಂದ್ಲು ನೋಡು, ಕೈಯಲ್ಲಿ ಪರಕೆ" ಅಂತ ಶುರು ಮಾಡಿದರೆ ಕಣ್ಣಿಗೆ ಕಟ್ಟುತ್ತದೆ. ಅದೇ ಹುಡುಗ ಎದ್ದು ನಿಂತು ನಾಲ್ಕು ಜನರ ಮುಂದೆ ಹೇಳಬೇಕು ಅಂದ ಕೂಡಲೇ "ನನ್ನ ತಾಯಿಯವರು ಪೊರಕೆಯೊಂದಿಗೆ ಆಗಮಿಸಿದರು" ಆಗಿಬಿಡುತ್ತದೆ. ಅವ್ವನೂ ಹೋದಳು, ಪರಕೆಯೂ ಹೋಯಿತು. ಮಂಡ್ಯದ ಮಾತನ್ನು ಸಿನಿಮಾದಲ್ಲಿ ತಮಾಷೆಗೆ ಬಳಸಿ ಬಳಸಿ, ಆ ಮಾತನ್ನಾಡುವವರಿಗೇ ಅದು ನಾಚಿಕೆಯ ವಿಷಯ ಆದ ಹಾಗಿದೆ. ದಯವಿಟ್ಟು ಬಿಡಬೇಡಿ. ಕಥೆಯನ್ನು ನಡೆಸುವ ಮಾತು ಎಲ್ಲರಿಗೂ ತಿಳಿಯುವಂತಿರಲಿ, ಪಾತ್ರಗಳ ಬಾಯಿಗೆ ಅವರವರ ಮಾತೇ ಇರಲಿ. ಹೂವಿನ ಹುಡುಗ "ಹಂಗಾದ್ರೆ ನೀವೇ ಅಳ್ಕೊಳಿ" ಅನ್ನಬೇಕು. "ಹಾಗಾದರೆ ತಾವೇ ಅಳೆದುಕೊಳ್ಳಿ" ಅಂದರೆ ಅವನು ಹೂವು ಮಾರುವವನಲ್ಲ, ತಾಲ್ಲೂಕು ಕಚೇರಿಯವನು.

ಆದರೆ ನಿಮ್ಮದಲ್ಲದ ಮಾತನ್ನು ನಗಿಸಲಿಕ್ಕೆ ಅಂತ ಅಣಕಿಸಬೇಡಿ. ಬೇರೆ ಜಾತಿಯವರ, ಬೇರೆ ಊರಿನವರ ಮಾತಿನ ಧಾಟಿ ಹಿಡಿದರೆ ನಗು ಬೇಗ ಬರುತ್ತದೆ, ನಿಜ. ಆ ನಗುವಿನಲ್ಲಿ ಸೇರದೆ ಕೂತಿರುವ ಒಬ್ಬರು ಅಲ್ಲೇ ಇರುತ್ತಾರೆ.

5. ಹೂಂಗುಟ್ಟುವವರನ್ನು ಹುಡುಕಿ

ನಮ್ಮ ಅಜ್ಜಿಯರು ಕಥೆ ಹೇಳುವಾಗ ಒಂದು ಕರಾರು ಇರುತ್ತಿತ್ತು: ಕೇಳುವವರು "ಹೂಂ" ಅನ್ನುತ್ತಿರಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಮಗು ಮಲಗಿತೋ ಇಲ್ಲವೋ ನೋಡುವ ಉಪಾಯ ಅಂತ ನಾನು ಅಂದುಕೊಂಡಿದ್ದೆ. ಅಷ್ಟೇ ಅಲ್ಲ ಅದು. ಹೂಂ ಅನ್ನುವುದರಲ್ಲೇ ಹತ್ತು ಬಗೆ ಇದೆ. ಆಸೆಯ ಹೂಂ, ಅವಸರದ ಹೂಂ, ಫೋನ್ ನೋಡುತ್ತಾ ಹೇಳುವ ಹೂಂ. ಹಾಡುವವರಿಗೆ ಹಿಮ್ಮೇಳ ಇರುತ್ತದೆ, ಮನೆಯಲ್ಲಿ ಕಥೆ ಹೇಳುವವರಿಗೆ ಆ ಹೂಂ ಅಷ್ಟೇ.

ವಾರಕ್ಕೆ ಮೂರು ಸಲವಾದರೂ ಒಬ್ಬ ಮನುಷ್ಯರ ಮುಂದೆ ಅದೇ ಕಥೆ ಹೇಳಿ, ಪ್ರತಿ ಸಲ ಬೇರೆಯವರಿಗೆ. ಮಗುವಿಗೆ ಒಮ್ಮೆ, ಗೆಳೆಯರಿಗೆ ಒಮ್ಮೆ, ಊರಲ್ಲಿರುವ ದೊಡ್ಡಮ್ಮನಿಗೆ ಫೋನಿನಲ್ಲಿ ಒಮ್ಮೆ. "ಒಂದು ಕಥೆ ಹೇಳ್ತೀನಿ ಕೇಳು" ಅಂತ ಘೋಷಣೆ ಮಾಡಬೇಕಿಲ್ಲ, ಹಾಗೆ ಅಂದರೆ ಓಡಿಹೋಗುತ್ತಾರೆ. "ಮೊನ್ನೆ ಮಾರ್ಕೆಟ್ಟಲ್ಲಿ ಏನಾಯ್ತು ಗೊತ್ತಾ" ಸಾಕು.

ಮುಗಿದ ಮೇಲೆ "ಹೇಗಿತ್ತು?" ಅಂತ ಮಾತ್ರ ಕೇಳಬೇಡಿ. ನಮ್ಮ ಜನ ಒಳ್ಳೆಯವರು, "ಚೆನ್ನಾಗಿತ್ತು" ಅಂತಾರೆ. ಅದರಿಂದ ನಿಮಗೆ ಚಿಕ್ಕಾಸಿನ ಉಪಯೋಗ ಇಲ್ಲ. ಬದಲಿಗೆ ಎರಡು ಮೂರು ದಿನ ಬಿಟ್ಟು "ಆ ಹೂವಿನ ಅಜ್ಜಿ ಕಥೆ ನೀನೊಂದ್ಸಲ ಹೇಳು ನೋಡೋಣ" ಅನ್ನಿ. ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡ್ರಿಕ್ ಬಾರ್ಟ್ಲೆಟ್ ಇಂಥದ್ದೇ ಒಂದು ಪ್ರಯೋಗ ಮಾಡಿ 1932ರಲ್ಲಿ ಪ್ರಕಟಿಸಿದ್ದರು. ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಇಂಗ್ಲಿಷರಿಗೆ ಓದಲು ಕೊಟ್ಟು, ದಿನಗಳು, ತಿಂಗಳುಗಳು ಕಳೆದ ಮೇಲೆ ನೆನಪಿನಿಂದ ಬರೆಸಿದರೆ, ಕಥೆ ಗಿಡ್ಡವಾಗಿತ್ತು, ಅರ್ಥವಾಗದ ಭಾಗಗಳು ಉದುರಿಹೋಗಿದ್ದವು, ಗುರುತಿಲ್ಲದ ವಸ್ತುಗಳ ಜಾಗದಲ್ಲಿ ಓದಿದವರಿಗೆ ಗುರುತಿರುವ ವಸ್ತುಗಳು ಬಂದು ಕೂತಿದ್ದವು. ನಿಮ್ಮ ಕಥೆಗೂ ಇದೇ ಆಗುತ್ತದೆ. ನನ್ನ ಕಥೆಯಲ್ಲಿ ಮೊದಲು ಮಲ್ಲಿಗೆಯ ರೇಟು, ಪಕ್ಕದ ಬಾಳೆಹಣ್ಣಿನ ಅಂಗಡಿ, ದಸರಾ ಸಮಯದ ಜನಜಂಗುಳಿ ಎಲ್ಲ ಇತ್ತು. ಕೇಳಿದವರು ಮರಳಿ ಹೇಳುವಾಗ ಒಬ್ಬರಿಗೂ ರೇಟು ನೆನಪಿರಲಿಲ್ಲ. ಅಜ್ಜಿಯ ಹೆಗಲು ಎಲ್ಲರಿಗೂ ನೆನಪಿತ್ತು. ರೇಟು ತೆಗೆದೆ, ಬಾಳೆಹಣ್ಣು ತೆಗೆದೆ. ಅಜ್ಜಿ ಮೊದಲಲ್ಲೇ ಸೆರಗು ಸರಿ ಮಾಡಿಕೊಳ್ಳುವಾಗ ಒಂದು ಕೈ ಮೇಲೆತ್ತಲು ಕಷ್ಟಪಟ್ಟಳು ಅನ್ನುವುದನ್ನು ಸೇರಿಸಿದೆ, ಕೊನೆಗೆ ಅದು ಕೆಲಸಕ್ಕೆ ಬರುತ್ತದೆ.

ಇನ್ನೊಂದು ಗುರುತು: ಕೇಳುವವರು ಮಧ್ಯೆ ಪ್ರಶ್ನೆ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ, ಬರೆದಿಟ್ಟುಕೊಳ್ಳಿ. "ಆ ಹುಡುಗ ಯಾಕೆ ಕೂತಿದ್ದ?" ಅಂತ ಇಬ್ಬರು ಕೇಳಿದರೆ, ಆ ವಿಷಯ ಹೆಬ್ಬೆರಳಿನಲ್ಲೇ ಸೇರಬೇಕಿತ್ತು ಅಂತ.

6. ಅದೇ ಕಥೆ, ಬೇರೆ ಬೇರೆ ಅಳತೆ

ಈಗ ಟೈಮರ್ ಇಟ್ಟುಕೊಳ್ಳಿ. ಒಂದೇ ಕಥೆಯನ್ನು ಆರು ನಿಮಿಷಕ್ಕೆ ಹೇಳಿ, ಇನ್ನೊಂದು ಸಲ ಮೂರು ನಿಮಿಷಕ್ಕೆ, ಮತ್ತೊಂದು ಸಲ ಒಂದು ನಿಮಿಷಕ್ಕೆ. ವೇಗವಾಗಿ ಹೇಳಿ ಮೂರನ್ನು ಒಂದಕ್ಕೆ ತುರುಕುವುದಲ್ಲ, ಬಿಡುವುದನ್ನು ಕಲಿಯುವುದು. ಮಂಡ್ಯದ ಆಲೆಮನೆ ನೋಡಿದ್ದೀರಲ್ಲ, ನೂರು ಕೆಜಿ ಕಬ್ಬು ಗಾಣಕ್ಕೆ ಹಾಕಿದರೆ ಕೊನೆಗೆ ಅಚ್ಚಿಗೆ ಬರುವ ಬೆಲ್ಲ ಸುಮಾರು ಹತ್ತು ಕೆಜಿ. ಮೊದಮೊದಲು ಕಥೆಯೂ ಹಾಗೇ, ಮಡ್ಡಿಯೇ ಜಾಸ್ತಿ.

ಒಂದು ನಿಮಿಷದ್ದು ಕೈಗೆ ಬಂದ ಮೇಲೆ ಮತ್ತೆ ಮೂರಕ್ಕೆ ಹಿಗ್ಗಿಸಿ. ಹಿಗ್ಗಿಸುವಾಗ ಎಲ್ಲ ಕಡೆ ಸಮನಾಗಿ ಹಿಗ್ಗಿಸಬೇಡಿ. ಕಥೆ ಹೇಳುವುದರಲ್ಲಿ ಎರಡು ನಡಿಗೆ ಇದೆ. ಒಂದು ಸಾರಾಂಶ: "ಇಬ್ಬರೂ ತುಂಬ ಹೊತ್ತು ಜಗಳ ಆಡಿದರು". ಇನ್ನೊಂದು ದೃಶ್ಯ, ಅಂದರೆ ಅಲ್ಲೇ ನಿಂತು ನೋಡಿದ ಹಾಗೆ ಮಾತು ಮಾತಾಗಿ ತೋರಿಸುವುದು. ಉಂಗುರಬೆರಳಿನ ಹತ್ತಿರ ಬಂದಾಗ ಮಾತ್ರ ದೃಶ್ಯಕ್ಕೆ ಇಳಿಯಿರಿ, ನಿಧಾನ ಮಾಡಿ. ಅಜ್ಜಿ ದಾರದ ತುದಿ ಹಿಡಿದಳು, ಎಡಗೈ ಚಾಚಿದಳು, ಬಲಗೈ ಎದೆಯ ಹತ್ತಿರವೇ ನಿಂತಿತು, ಹುಡುಗ ನೋಡುತ್ತಿದ್ದಾನೆ, ಅವಳು ಮೇಲೆ ನೋಡಲಿಲ್ಲ. ಉಳಿದದ್ದು ಓಡಲಿ. ಹೊಸಬರು ಉಲ್ಟಾ ಮಾಡುತ್ತಾರೆ: ಮನೆಯಿಂದ ಹೊರಟದ್ದು, ಗಾಡಿ ಎಲ್ಲಿ ನಿಲ್ಲಿಸಿದ್ದು, ಯಾವ ಗೇಟಿನಿಂದ ಒಳಗೆ ಹೋದದ್ದು ಎಲ್ಲ ದೃಶ್ಯ, ತಿರುವು ಬಂದಾಗ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ.

7. ಎಲ್ಲರಿಗೂ ಗೊತ್ತಿರುವ ಕಥೆಯನ್ನು ಹೇಳಿ ನೋಡಿ

ಸ್ವಂತ ಕಥೆ ಎರಡು ಮೂರು ಆದ ಮೇಲೆ ಇದು. ತಲಕಾಡಿನ ಶಾಪದ ಕಥೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? "ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ" ಅನ್ನುವಷ್ಟರಲ್ಲೇ ಎದುರಿಗಿರುವವರು ಮುಂದಿನ ಸಾಲು ಹೇಳುತ್ತಾರೆ. ಕೊನೆ ಗೊತ್ತಿದ್ದವರನ್ನು ಕೂರಿಸಿಕೊಳ್ಳುವುದು ಒಳ್ಳೆಯ ಸಾಧನೆ, ಯಾಕೆಂದರೆ "ಮುಂದೇನಾಗುತ್ತೆ" ಅನ್ನುವ ಕುತೂಹಲದ ಆಸರೆ ನಿಮಗೆ ಸಿಗುವುದಿಲ್ಲ.

ಇಲ್ಲಿ ಆಟ ಇರುವುದು ಎಲ್ಲಿಂದ ಶುರು ಮಾಡುತ್ತೀರಿ ಅನ್ನುವುದರಲ್ಲಿ. ಗೈಡ್ ಹುಡುಗರು "1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು" ಅಂತ ಶುರು ಮಾಡುತ್ತಾರೆ. ತಪ್ಪಿಲ್ಲ, ಆದರೆ ಇಸವಿ ಕೇಳಿದ ಕೂಡಲೇ ಜನರಿಗೆ ಪರೀಕ್ಷೆ ನೆನಪಾಗುತ್ತದೆ. ಅದೇ ಕಥೆಯನ್ನು ಮಾಲಂಗಿಯ ಹೊಳೆದಂಡೆಯಿಂದ ಶುರು ಮಾಡಿ: ಒಡವೆ ಕಟ್ಟಿದ ಗಂಟನ್ನು ಹಿಡಿದು ಅಲಮೇಲಮ್ಮ, ಅಂದರೆ ಶ್ರೀರಂಗಪಟ್ಟಣ ಕಳೆದುಕೊಂಡವನ ಹೆಂಡತಿ, ಆ ಶಾಪ ಹಾಕುವವಳು, ನಿಂತಿದ್ದಾಳೆ, ಹಿಂದೆ ರಾಜನ ಕಡೆಯವರು ಬರುತ್ತಿದ್ದಾರೆ. ಇನ್ನೊಂದು ಸಲ ಒಡವೆ ತರಲು ಹೊರಟ ಒಬ್ಬ ಸಿಪಾಯಿಯ ಕಣ್ಣಿನಿಂದ ಹೇಳಿ. ಮತ್ತೊಂದು ಸಲ ಇವತ್ತಿನ ಮರಳ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವ ಮಗುವಿನಿಂದ ಶುರು ಮಾಡಿ, "ಇಷ್ಟು ಮರಳು ಎಲ್ಲಿಂದ ಬಂತು?" ಅನ್ನುವ ಪ್ರಶ್ನೆಯಿಂದ ಹಿಂದಕ್ಕೆ ಹೋಗಿ.

ಒಂದು ಜವಾಬ್ದಾರಿಯ ಮಾತು. ಐತಿಹ್ಯ ಅಂದರೆ ಜನ ನಂಬಿಕೊಂಡು ಬಂದ ಕಥೆ, ಚರಿತ್ರೆ ಬೇರೆ. 1610 ಚರಿತ್ರೆಯದು, ಶಾಪ ಐತಿಹ್ಯದ್ದು, ಹೊಳೆಯ ಮರಳನ್ನು ಗಾಳಿ ಹೊತ್ತು ತಂದು ಗುಡಿಗಳ ಮೇಲೆ ಹಾಕಿದ್ದು ಭೂಮಿಯ ಕೆಲಸ. ಮೂರನ್ನೂ ಹೇಳಿ, "ಅಂತಾರೆ" ಅನ್ನುವ ಒಂದು ಮಾತನ್ನು ಸರಿಯಾದ ಜಾಗದಲ್ಲಿ ಇಡಿ. ಕೇಳುವ ಮಕ್ಕಳು ನಾಳೆ ಅದನ್ನು ಪರೀಕ್ಷೆಯಲ್ಲಿ ಬರೆದುಬಿಡಬಹುದು.

8. ಜನರ ಮುಂದೆ

ಒಂದೊಂದೇ ಕಿವಿಗೆ ಹೇಳಿ ರೂಢಿಯಾದ ಮೇಲೆ ಐದಾರು ಜನರ ಗುಂಪು ಹುಡುಕಿ. ವೇದಿಕೆಯೇ ಬೇಕು ಅಂತಿಲ್ಲ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ವಾಕಿಂಗ್ ಮುಗಿಸಿ ಕೂರುವ ಗುಂಪು, ಊರಿನ ಅರಳಿಕಟ್ಟೆ, ಶಾಲೆಯ ಶನಿವಾರದ ಕೊನೆಯ ಪೀರಿಯಡ್ಡು, ಗಣಪತಿ ಕೂರಿಸಿದ ಪೆಂಡಾಲು. ಪೆಂಡಾಲಿನಲ್ಲಿ ಮೈಕ್ ಸಿಕ್ಕರೆ ಬಾಯಿಗೆ ಅಂಟಿಸಿಕೊಳ್ಳಬೇಡಿ, ಒಂದು ಗೇಣು ದೂರ ಇರಲಿ, ಕೂಗಬೇಡಿ.

ಗುಂಪಿನಲ್ಲಿ ಹೂಂ ಅನ್ನುವವರು ಇರುವುದಿಲ್ಲ, ಅದರ ಬದಲು ಮೂರು ಮುಖ ಆರಿಸಿಕೊಳ್ಳಿ: ಎಡಗಡೆ ಒಬ್ಬರು, ನಡುವೆ ಒಬ್ಬರು, ಬಲಗಡೆ ಒಬ್ಬರು. ಒಂದು ಪೂರ್ತಿ ವಾಕ್ಯ ಒಬ್ಬರಿಗೆ ಹೇಳಿ, ಮುಂದಿನದು ಇನ್ನೊಬ್ಬರಿಗೆ. ಯಾರೋ ಎದ್ದು ಹೋದರೆ ಅವರಿಗೆ ಬಸ್ಸಿನ ಹೊತ್ತಾಗಿರಬಹುದು, ಅದನ್ನು ಮನಸ್ಸಿಗೆ ಹಚ್ಚಿಕೊಂಡು ಕಥೆ ಕೆಡಿಸಬೇಡಿ.

ಪದೇ ಪದೇ ಕಾಣುವ ತಪ್ಪುಗಳು

ಮೊದಲೇ ಕ್ಷಮೆ ಕೇಳುವುದು. "ನನಗೆ ಅಷ್ಟು ಚೆನ್ನಾಗಿ ಬರಲ್ಲ, ತಪ್ಪಾದ್ರೆ ಹೊಟ್ಟೆಗೆ ಹಾಕ್ಕೊಳಿ" ಅಂದ ತಕ್ಷಣ ಜನ ತಪ್ಪು ಹುಡುಕಲು ಶುರು ಮಾಡುತ್ತಾರೆ. "ಇದು ತುಂಬಾ ತಮಾಷೆ ಕಥೆ" ಅನ್ನುವುದು ಇನ್ನೂ ಅಪಾಯ, ನಗು ಬಾರದಿದ್ದರೆ ಸಾಲಗಾರರಾಗುತ್ತೀರಿ.

ಕೊನೆಗೆ ನೀತಿ ಹೇಳುವುದು. "ಇದರಿಂದ ನಮಗೆ ತಿಳಿದು ಬರುವುದೇನೆಂದರೆ" ಅನ್ನುವ ಶಾಲೆಯ ಚಾಳಿ ನಮಗೆ ಬಿಡುವುದೇ ಇಲ್ಲ. ಹೂವಿನ ಕಥೆಯನ್ನು ನಾನು ಮೊದಲ ನಾಲ್ಕು ಸಲ "ಬೇರೆಯವರನ್ನು ಅಳೆಯುವ ಮುಂಚೆ ನಮ್ಮನ್ನು ನಾವು ಅಳೆದುಕೊಳ್ಳಬೇಕು" ಅಂತ ಮುಗಿಸುತ್ತಿದ್ದೆ. ಐದನೇ ಸಲ ಕೇಳಿದ ಹನ್ನೊಂದು ವರ್ಷದ ಹುಡುಗಿ, ನಾನು ಬಾಯಿ ತೆರೆಯುವ ಮುಂಚೆಯೇ "ಪಾಪ, ಅಜ್ಜಿ" ಅಂದಳು. ಆವತ್ತಿಂದ ನೀತಿ ಬಿಟ್ಟೆ.

ಬೇರೆಯವರ ಗುಟ್ಟನ್ನು ಕಥೆ ಮಾಡುವುದು. ನಾದಿನಿಯ ಜಗಳ, ಸ್ನೇಹಿತನ ಸಾಲ ಒಳ್ಳೆಯ ಸರಕೇ, ಆದರೆ ಕೇಳದೆ ಹೇಳಬೇಡಿ. ಹೆಸರು ಬದಲಿಸಿದರೆ ಸಾಕು ಅಂದುಕೊಳ್ಳಬೇಡಿ, ಊರಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.

ಮತ್ತೆ, ಒಂದು ದಿನ ತಪ್ಪಿದರೆ ಪೂರ್ತಿ ಬಿಡುವುದು. ತಪ್ಪಿದರೆ ತಪ್ಪಿತು, ಮಾರನೇ ದಿನ ಒಂದು ಸಾಲು ಬರೆಯಿರಿ. ಎರಡು ದಿನದ್ದನ್ನು ಸೇರಿಸಿ ಒಟ್ಟಿಗೆ ಮಾಡುತ್ತೇನೆ ಅನ್ನುವ ಲೆಕ್ಕ ಬೇಡ.

ವಾರ ಹೇಗೆ ಹಂಚಿಕೊಳ್ಳುವುದು

ಸೋಮವಾರ ಐದು ಬೆರಳು. ಮಂಗಳವಾರ ರೆಕಾರ್ಡು. ಬುಧವಾರ ಮೊದಲ ಕಿವಿ. ಗುರುವಾರ ರಜೆ, ಬರೀ ರಾತ್ರಿಯ ಸಾಲು. ಶುಕ್ರವಾರ ಎರಡನೇ ಕಿವಿ. ಶನಿವಾರ ಟೈಮರ್ ಇಟ್ಟು ಗಿಡ್ಡ ಮಾಡುವುದು. ಭಾನುವಾರ ಮೂರನೇ ಕಿವಿ, ಜೊತೆಗೆ ಮೊದಲು ಕೇಳಿದವರ ಬಾಯಿಂದ ಕಥೆ ಹೇಳಿಸಿಕೊಳ್ಳುವುದು. ಎರಡು ವಾರ ಒಂದೇ ಕಥೆ. ಅಷ್ಟರಲ್ಲಿ ರೆಕಾರ್ಡು, ಟೈಮರು, ಕಿವಿಗಳು ಸೇರಿ ಹತ್ತು ಸಲ ಆಗಿರುತ್ತದೆ. ಹಾಗೆ ನಾಲ್ಕು ಕಥೆ ಕೈಗೆ ಬರಲು ಎರಡು ತಿಂಗಳು. ಎಂಟನೇ ಸಲಕ್ಕೆ ಕಥೆ ನಿಮಗೇ ಹಳಸಲು ಅನ್ನಿಸುತ್ತದೆ, ಆಗ ಬಿಡಬೇಡಿ. ನಿಮಗೆ ಬೇಸರ ಬಂದ ಮೇಲೂ ಕೇಳುವವರ ಮುಖ ಅರಳಿದರೆ ಆ ಕಥೆ ಉಳಿಸಿಕೊಳ್ಳಬೇಕಾದದ್ದು. ಹತ್ತನೇ ಸಲವೂ ಮುಖ ಅರಳದಿದ್ದರೆ ಪುಸ್ತಕದಲ್ಲಿ ಗೀಟು ಹಾಕಿ ಮುಂದಿನ ಸಾಲಿಗೆ ಹೋಗಿ.

"ನಮ್ಮ ಮನೇಲಿ ಕೇಳೋರೇ ಇಲ್ಲ" ಅನ್ನುವವರಿಗೆ: ಮಂಡ್ಯದಿಂದ ಮೈಸೂರಿಗೆ ಸುಮಾರು ನಲವತ್ತೈದು ಕಿಲೋಮೀಟರ್. ರೈಲು ಹತ್ತಿದರೆ ಪಕ್ಕದಲ್ಲಿ ಯಾರಾದರೂ ಕೂತೇ ಕೂರುತ್ತಾರೆ. ಮೊದಲು ಅವರ ಊರು ಕೇಳಿ, ಅವರ ಕಥೆ ಕೇಳಿ, ಚೆನ್ನಾಗಿ ಹೂಂಗುಟ್ಟಿ. ಪಾಂಡವಪುರ ದಾಟುವಷ್ಟರಲ್ಲಿ ಅವರೇ "ನಿಮ್ದು ಹೇಳಿ" ಅನ್ನುತ್ತಾರೆ. ಒಂದು ನಿಮಿಷದ ಕಥೆ ಆಗ ಕೈಯಲ್ಲಿ ಸಿದ್ಧವಾಗಿರಲಿ.